ಗಟ್ಟಿಯಾಗದ ಪಾದ

ನವೆಂಬರ್ 28

ಚಿಕ್ಕನಿಗೆ,

ನೀನು ನಿನ್ನ ಊರಿಗೆ ಮರಳಿದ ಮೇಲೆ ಎಷ್ಟೋ ಸಲ ಫೋನ್ ಮಾಡಿದೆ. ಒಂದು ಸಲವೂ ನಾನು ಸರಿಯಾಗಿ ಮಾತಾಡಲಿಲ್ಲ. ಬೇಸರ ಮಾಡಿಕೊಳ್ಳಬೇಡ. ನೀನು ಆ ಕಡೆಯಿಂದ "ಅತ್ತಿಗೆ, ಕೇಳಿಸ್ತಾ?" ಅನ್ನುತ್ತೀಯ, ನಾನು ತಲೆಯಾಡಿಸುತ್ತೇನೆ. ಫೋನಿನಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ? ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಕೃತಕ ಪಾದದ ವಿಷಯ ಕೇಳಬೇಕು. ನಿಮ್ಮಣ್ಣ ಆಸ್ಪತ್ರೆ ಸೇರುವ ಹಿಂದಿನ ದಿನ ಅದನ್ನು ಮಾಡಿ ಮುಗಿಸಿದ್ದರು. ನಮ್ಮ ಬೀದಿಗೆ ಕಾಗದ ತರುವವಳಿದ್ದಾಳಲ್ಲ, ಎಲ್ಲರೂ ಟಪಾಲಕ್ಕ ಅನ್ನುವವಳು, ಅವಳ ಎಡಗಾಲಿಗೆ. ಇವರೇ ಮಾಡಿಕೊಟ್ಟಿದ್ದ ಹಳೆಯ ಪಾದ ಹೆಬ್ಬೆರಳಿನ ಬುಡದಲ್ಲಿ ಸೀಳಿದೆ. ಅದಕ್ಕೆ ಅಂಟುಪಟ್ಟಿ ಸುತ್ತಿಕೊಂಡು ನಡೆಯುತ್ತಿದ್ದಾಳೆ. ಹೊಸದನ್ನೂ ಯಾವಾಗಿನ ಹಾಗೆಯೇ ಮಾಡಿದ್ದರು: ಮರದ ಅಚ್ಚಿನ ಮೇಲೆ ಗಾಜಿನ ನೂಲಿನ ಬಟ್ಟೆ ಪದರ ಪದರವಾಗಿ ಹಾಸಿ, ಅದಕ್ಕೆ ಅಂಟು ಕುಡಿಸಿ. ಅಂಟು ಅಂದರೆ ಕಂಪನಿಯ ಎಪಾಕ್ಸಿ, ಅದರೊಳಗೆ ನೀನು ಕಳಿಸುವ ಅಗಸೆ ಎಣ್ಣೆಯ ಎಪಾಕ್ಸಿ. ಬರೀ ಕಂಪನಿಯದಾದರೆ ಕಾಲು ಒಡೆಯುತ್ತದೆ, ಬರೀ ಎಣ್ಣೆಯದಾದರೆ ಬಗ್ಗಿಬಿಡುತ್ತದೆ, ಎರಡನ್ನೂ ಜಗಳವಾಡದ ಹಾಗೆ ಕೂಡಿಸುವುದೇ ಕೆಲಸ ಎಂದು ಅವರು ಹೇಳುತ್ತಿದ್ದರು. ಎಷ್ಟಕ್ಕೆ ಎಷ್ಟು ಅಂತ ಎಲ್ಲೂ ಬರೆದಿಟ್ಟಿಲ್ಲ. ಆ ಎರಡರ ಅಳತೆ ಕೈಯಂದಾಜು.

ಈ ಪಾದ ಇನ್ನೂ ಗಟ್ಟಿಯಾಗಿಲ್ಲ ಚಿಕ್ಕ. ಹಿಂದಿನವೆಲ್ಲ ಸಂಜೆ ಬೆಂಚಿನ ಮೇಲಿಟ್ಟರೆ ಬೆಳಿಗ್ಗೆ ಬಡಿದಾಗ ಟಣ್ ಅನ್ನುತ್ತಿದ್ದವು. ಇದರ ಮೇಲೆ ಹೆಬ್ಬೆಟ್ಟು ಇಟ್ಟರೆ ಗುರುತು ಮೂಡುತ್ತದೆ. ಅವರು ಹೋಗಿ ತಿಂಗಳ ಮೇಲಾಯಿತು.

ಅಂಟು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಹಾಕುವುದನ್ನೇ ಮರೆತಿದ್ದರಾ? ಯಾಕೆ ಕೇಳುತ್ತೇನೆ ಅಂದರೆ, ಆ ಸಂಜೆ ಕೈ ತೊಳೆದು ಬಂದು, ಮಂಚದ ತುದಿಯಲ್ಲಿ ಕೂತು, ಅವರು ನನಗೊಂದು ಮಾತು ಹೇಳಿದರು. ಆಗಲೇ ಮೈ ಸುಡುತ್ತಿತ್ತು. ಮಾರನೆಯ ದಿನದಿಂದ ನರ್ಸನ್ನು ಅಮ್ಮ ಅಂದರು, ಮಂಚವನ್ನು ಬಸ್ಸು ಅಂದುಕೊಂಡು ಟಿಕೆಟ್ ಕೇಳಿದರು. ನೀನೇ ನೋಡಿದ್ದೀಯ. ಆದರೆ ಆ ಸಂಜೆ ತಲೆ ಸರಿಯಿತ್ತೋ ಇಲ್ಲವೋ? ಸರಿಯಿದ್ದರೆ ಆ ಮಾತು ನನ್ನದು. ಇಲ್ಲದಿದ್ದರೆ ಅದು ಜ್ವರದ್ದು. ಏನು ಮಾತು ಎಂದು ಕೇಳಬೇಡ. ಅದೇ ಮಧ್ಯಾಹ್ನ ಕಲಸಿದ ಅಂಟು ಸರಿಯಿದೆಯೋ ಕೆಟ್ಟಿದೆಯೋ, ಅಷ್ಟು ಹೇಳು. ನೀನೂ ದಿನಾ ಅದನ್ನೇ ಕಲಸುವವನು.

ನಿನ್ನ ಅತ್ತಿಗೆ


ಡಿಸೆಂಬರ್ 5

ಅತ್ತಿಗೆಗೆ ಚಿಕ್ಕನ ನಮಸ್ಕಾರ.

ನಿಮ್ಮ ಕಾಗದ ಫ್ಯಾಕ್ಟರಿಗೇ ಬಂತು. ನನ್ನ ಕೈಯಲ್ಲೆಲ್ಲ ರೆಸಿನ್. ಲಕೋಟೆ ಬೆರಳಿಗೆ ಅಂಟಿ ಅರ್ಧ ವಿಳಾಸ ಕಿತ್ತು ಬಂತು. ಫೋರ್‌ಮನ್ ನೋಡಿ, "ಏನಯ್ಯಾ, ಬಿಡೋಕೇ ಮನಸ್ಸಿಲ್ವಾ? ಯಾರದು?" ಅಂದ. "ಅತ್ತಿಗೆದು ಸಾರ್" ಅಂದೆ. "ಹಾಗಾದ್ರೆ ಕೈ ತೊಳ್ಕೊಂಡು ಓದು" ಅಂತ ಒಳಗೆ ಕಳಿಸಿದ.

ಅಣ್ಣ ಆ ದಿನ ಸರಿಯಾಗಿಯೇ ಇದ್ದ. ಅದರಲ್ಲಿ ಅನುಮಾನವೇ ಬೇಡ. ಅಂಟಂಟಾಗಿದೆ ಅಂದರೆ ಹಾರ್ಡನರ್ ಸ್ವಲ್ಪ ಕಮ್ಮಿ ಬಿದ್ದಿರಬೇಕು, ಅಷ್ಟೇ. ಯಾರಿಗಾದರೂ ಆಗುತ್ತದೆ. ನಾವಿಲ್ಲಿ ಗೋದಾಮುಗಳಿಗೆ ಇದೇ ಅಂಟಿನ ನೆಲ ಹಾಸುತ್ತೇವಲ್ಲ, ನನ್ನ ಕೈಯಲ್ಲೇ ಎಷ್ಟು ಸಲ ಆಗಿದೆ! ಬ್ರಷ್‌ನಲ್ಲಿ ಹಾರ್ಡನರ್ ತೆಳ್ಳಗೆ ಸವರಿ ನೋಡಿ. ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ. ಅದಕ್ಕೂ ಬಗ್ಗಲಿಲ್ಲವಾ, ಎಸೆದುಬಿಡಿ. ಟಪಾಲಕ್ಕನ ಅಳತೆ ಕಳಿಸಿದರೆ ಇಲ್ಲಿ ಬೇರೆಯವರ ಹತ್ತಿರ ಮಾಡಿಸಿ ಕಳಿಸುತ್ತೇನೆ.

ದಿನಾ ಅದರ ಮುಂದೆ ಕೂತು ಹೆಬ್ಬೆಟ್ಟು ಒತ್ತಿ ನೋಡಬೇಡಿ. ಅದರಿಂದ ಏನೂ ಸಿಗುವುದಿಲ್ಲ. ಅಣ್ಣ ಸರಿಯಾಗಿಯೇ ಇದ್ದ, ಅತ್ತಿಗೆ. ಊಟ ಮಾಡುತ್ತಿದ್ದೀರಿ ತಾನೆ? ಸರಿಯಾಗಿಯೇ ಇದ್ದ.

ಚಿಕ್ಕ


ಡಿಸೆಂಬರ್ 11

ಚಿಕ್ಕನಿಗೆ,

ನೀನು ಹೇಳಿದ ಹಾಗೆ ಸವರಿದೆ. ಬೆಳಿಗ್ಗೆ ನೋಡಿದರೆ ಪಾದದ ಮೇಲೆಲ್ಲ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗಿದೆ. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಅಡಿಯಲ್ಲಿ ಇನ್ನೂ ಮೆತ್ತಗೇ ಇದೆ. ಅವರ ಕೈಯ ಕೊನೆಯ ಕೆಲಸವನ್ನು ನಾನು ಕೆಡಿಸಿದೆನಾ, ಅಥವಾ ಅದು ಮೊದಲೇ ಕೆಟ್ಟಿತ್ತಾ, ಈಗ ಅದೂ ತಿಳಿಯದ ಹಾಗಾಯಿತು.

ಹಾರ್ಡನರ್ ಕಮ್ಮಿ ಬಿದ್ದಿರಬೇಕು ಎಂದು ಬರೆದಿದ್ದೀಯ. ಅದೇ ಕಾಗದದಲ್ಲಿ ಸರಿಯಾಗಿಯೇ ಇದ್ದ ಎಂದು ಮತ್ತೆ ಮತ್ತೆ ಬರೆದಿದ್ದೀಯ. ಎರಡೂ ಹೇಗೆ ನಿಜವಾಗುತ್ತದೆ? ಸಕ್ಕರೆ ಹಾಕಿದರೆ ಹೆಚ್ಚೋ ಕಮ್ಮಿಯೋ ಎಂದು ತಲೆ ಕೆಡಿಸಿಕೊಳ್ಳದವರು ಈ ಹಾರ್ಡನರನ್ನು ಮಾತ್ರ ಉಸಿರು ಬಿಗಿಹಿಡಿದು ತೂಗುತ್ತಿದ್ದರು. ನಾನು ಹತ್ತಿರ ಹೋದರೆ "ಗಾಳಿ ಆಡ್ತದೆ, ಆ ಕಡೆ ನಿಲ್ಲು" ಅನ್ನುತ್ತಿದ್ದರು. ಒಂದು ಮಾತು ಹೇಳಿದರೆ ಸಾಕಿತ್ತು ನೀನು. ಹೆಚ್ಚು ಸಲ ಹೇಳಿದ್ದರಿಂದಲೇ ನನಗೆ ಭಯ.

ಎಸೆಯಬೇಕಂತೆ. ಅದು ಮುಸುರೆಯೇ?

ಟಪಾಲಕ್ಕ ನಿನ್ನ ಕಾಗದ ಕೊಟ್ಟು ಬಾಗಿಲಲ್ಲೇ ನಿಂತಳು. "ಏನಮ್ಮಾ ಇದು, ನನ್ನ ಕಾಲಿನ ಸುದ್ದಿ ನನ್ನ ಚೀಲದಲ್ಲೇ ಹೊತ್ಕೊಂಡು ಬರ್ತೀನಿ, ಒಳಗೇನಿದೆ ಅಂತ ನನಗೇ ಗೊತ್ತಿಲ್ಲ!"

"ಇನ್ನೂ ಹಸಿ ಇದೆ" ಅಂದೆ.

"ಇರ್ಲಿ ಬಿಡಿ, ಅವಸರ ಏನಿಲ್ಲ. ಆದ್ರೆ ಹೊಸ ವರ್ಷದಿಂದ ನನ್ನನ್ನ ಆಫೀಸಿನೊಳಗೆ ಮುದ್ರೆ ಹೊಡಿಯೋಕೆ ಕೂರಿಸ್ತಾರಂತೆ. ಕುಂಟ್ತಾಳೆ, ಬೀದಿಗೆ ಬೇಡ ಅಂತ. ದಿನಾ ಕೂತಲ್ಲೇ ಕೂತ್ರೆ ಸತ್ತೇ ಹೋಗ್ತೀನಿ ನಾನು..." ಅಂದವಳು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಪಾಪ, ಆಮೇಲೆ ಎದುರು ಮನೆಯ ಕಾಗದವನ್ನೂ ನನಗೇ ಕೊಟ್ಟು ಹೋದಳು.

ಅತ್ತಿಗೆ


ಡಿಸೆಂಬರ್ 17

ಅತ್ತಿಗೆಗೆ,

ಬಿಳಿ ಬಂದದ್ದು ನನ್ನ ತಪ್ಪು ಸಲಹೆಯಿಂದ. ಚಳಿಗೆ, ತೇವಕ್ಕೆ ಹಾರ್ಡನರ್ ಹೀಗೆ ಬೆಳ್ಳಗಾಗುತ್ತದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಹೋಗುತ್ತದೆ. ಪಾದ ಕೆಟ್ಟಿಲ್ಲ. ಅಂದರೆ, ಇದರಿಂದ ಕೆಟ್ಟಿಲ್ಲ.

ನನ್ನ ಮಾತು ಕೇಳಿ. ವರ್ಕ್‌ಶಾಪಿಗೆ ಬೀಗ ಹಾಕಿ ಸ್ವಲ್ಪ ದಿನ ನಮ್ಮಲ್ಲಿಗೆ ಬನ್ನಿ. ನಿಮ್ಮ ಓರಗಿತ್ತಿ ದಿನಾ ಕೇಳುತ್ತಾಳೆ. ಆ ಡಬ್ಬಿಗಳು, ಆ ವಾಸನೆ, ಅದರ ನಡುವೆ ಒಬ್ಬರೇ ಯಾಕೆ ಇರಬೇಕು? ಮಿಕ್ಕ ಮಾಲು, ಉಪಕರಣ ಏನು ಮಾಡುವುದು ಆಮೇಲೆ ನೋಡೋಣ.

ಚಿಕ್ಕ


ಡಿಸೆಂಬರ್ 20

ಚಿಕ್ಕನಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದೆಯ ಮೇಲೆ ಕೂರುತ್ತದೆ.

ನಿನಗೆ ವರ್ಕ್‌ಶಾಪು ಬೇಕೇನೋ. ಬೇಕಿದ್ದರೆ ನೇರವಾಗಿ ಕೇಳಬಹುದಿತ್ತು. ಅಣ್ಣನ ತಮ್ಮ ನೀನು, ನಾನೇನು ಬೇಡ ಅನ್ನುತ್ತೇನೆಯೇ?

ನಾನೂ ನಿನಗೆ ಎಲ್ಲ ಹೇಳಿಲ್ಲ. ಪಾದ ನನಗೆ ಸಿಕ್ಕಿದ್ದು ಬೆಂಚಿನ ಮೇಲಲ್ಲ. ಬಟ್ಟೆ ಬೀರುವಿನಲ್ಲಿ, ದಿಂಬಿನ ಚೀಲಗಳ ನಡುವೆ. ಟವೆಲ್ ಹೊದಿಸಿ ಮಲಗಿಸಿದ ಹಾಗೆ ಇಟ್ಟಿದ್ದರು. ಅವರು ಹೋದ ಬೆಳಿಗ್ಗೆ, ಬರುವವರಿಗೆ ಹಾಸಿಗೆ ಬಟ್ಟೆ ತೆಗೆಯಲು ಹೋದಾಗ ಕೈಗೆ ಸಿಕ್ಕಿತು. ಅಷ್ಟು ವರ್ಷ ಒಂದು ಬ್ರಷ್ಷನ್ನೂ ಮನೆಯೊಳಗೆ ತರದ ಮನುಷ್ಯ. ನೀವೆಲ್ಲ ನೋಡಿಬಿಟ್ಟರೆ ಅವರ ತಲೆಯ ಬಗ್ಗೆ ಏನೆಂದುಕೊಳ್ಳುತ್ತೀರೋ ಎಂದು ಹೆದರಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ವರ್ಕ್‌ಶಾಪಿನ ಕಿಟಕಿಯ ಕೆಳಗಿನ ಹಲಗೆಯ ಮೇಲಿಟ್ಟೆ. ಅಂದಿನಿಂದ ಅಲ್ಲೇ ಇದೆ.

ಆ ಮಾತನ್ನೂ ಬರೆಯುತ್ತೇನೆ. "ಇಷ್ಟು ವರ್ಷ ನಿನ್ನ ಕೈ ನಿಧಾನ ಅಂತ ಬೈದ್ನಲ್ಲ. ತಪ್ಪು ನಿನ್ನ ಕೈದಲ್ಲ ಕಣೇ. ನನ್ನ ಅಂಟಿಂದು."

ಇಷ್ಟೇ. ಆಮೇಲೆ ನೀರು ಕೇಳಿದರು, ಮಲಗಿದರು.

ನಿನಗೆ ಗೊತ್ತಲ್ಲ, ಮದುವೆಯಾದ ಹೊಸದರಲ್ಲಿ ನಾನೂ ಬೆಂಚಿಗೆ ನಿಂತಿದ್ದೆ. ಒಂದು ಪದರದ ಸುಕ್ಕು ತೆಗೆಯುವಷ್ಟರಲ್ಲಿ ಬಟ್ಟಲಿನ ಅಂಟು ಕಲ್ಲಾಗುತ್ತಿತ್ತು. "ಹೋಗು, ಅಂಚು ಉಜ್ಜು" ಅಂದರು. ಅಂದಿನಿಂದ ಗಟ್ಟಿಯಾದ ಪಾದಗಳ ಅಂಚು ಉಜ್ಜಿದ್ದೇ. ಬೈಗುಳ ನನಗೆ ಒಗ್ಗಿಹೋಗಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಈ ಒಳ್ಳೆಯ ಮಾತೇ ಅರ್ಥವಾಗುತ್ತಿಲ್ಲ. ಅಂಟು ಹೇಗೆ ತಪ್ಪು ಮಾಡುತ್ತದೆ? ಪಾದವನ್ನು ದಿಂಬಿನ ಜೊತೆ ಮಲಗಿಸಿದವರ ಮಾತು ಇದು. ಆದರೂ ಕಳೆದುಕೊಳ್ಳಲು ಮನಸ್ಸಿಲ್ಲ.


ಡಿಸೆಂಬರ್ 29

ಚಿಕ್ಕನಿಗೆ,

ಕಾಗದ ತಲುಪಿತು. ಸದ್ಯಕ್ಕೆ ಎಲ್ಲಿಗೂ ಬರಲಾರೆ. ಓರಗಿತ್ತಿಗೆ ಹೇಳು. ಬೀಗವನ್ನೂ ಹಾಕುವುದಿಲ್ಲ.

ಬಿಳಿಯನ್ನು ಒರೆಸಿದೆ. ಬೆರಳುಗಳ ಸಂದಿಯಲ್ಲಿ ಹೋಗದೆ ಇದ್ದದ್ದಕ್ಕೆ ಬಿಸಿ ಬಟ್ಟೆ ಸುತ್ತಿ ಬಿಟ್ಟೆ. ಆರಿದ ಹಾಗೆಲ್ಲ ಮತ್ತೆ ಬಿಸಿನೀರಿನಲ್ಲಿ ಅದ್ದಿ ಸುತ್ತಿದೆ. ಬೇರೆ ಕೆಲಸವಾದರೂ ಏನಿತ್ತು, ಮಗುವಿಗೆ ಜ್ವರ ಬಂದಾಗ ಕೂರುವ ಹಾಗೆ ದಿನವಿಡೀ ಕೂತಿದ್ದೆ. ಮಾರನೆಯ ದಿನ ನೋಡಿದರೆ ಬೆರಳುಗಳ ಹತ್ತಿರ ಹೆಬ್ಬೆಟ್ಟಿನ ಗುರುತು ಮೂಡಲಿಲ್ಲ. ಹಿಮ್ಮಡಿ ಮಾತ್ರ ಹಾಗೆಯೇ ಮೆತ್ತಗಿದೆ. ಒಂದೇ ಪಾದ, ಒಂದೇ ಅಂಟು. ಮುಂದೆ ಹಾರ್ಡನರ್ ಹಾಕಿ ಹಿಂದೆ ಮರೆಯುವುದುಂಟೇ? ನನಗೆ ತಲೆಬುಡ ತಿಳಿಯಲಿಲ್ಲ.

ನಾನೂ ಸ್ವಲ್ಪ ಕಲಸಿ ನೋಡಿದೆ. ಬರೀ ಕಂಪನಿಯದು. ಚಿಂದಿಗೆ ಸವರುವಷ್ಟರಲ್ಲಿ ಬಟ್ಟಲು ಬಿಸಿಯಾಗಿ ಹೊಗೆಯಾಡಿತು. ಬ್ರಷ್ಷು ಅದರೊಳಗೇ ಧ್ವಜದ ಕಂಬದ ಹಾಗೆ ನಿಂತುಬಿಟ್ಟಿತು. ಟಪಾಲಕ್ಕ ನೋಡಿ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು, ಆಮೇಲೆ ನಕ್ಕೆನಲ್ಲ ಎಂದು ಹೇಗೋ ಆಯಿತು.

ಕಾಲು ಸರಿಮಾಡಿಕೊಳ್ಳಲು ಅವಳಿಗೆ ಈಗ ಜನವರಿ ಕೊನೆಯವರೆಗೆ ಗಡುವು ಕೊಟ್ಟಿದ್ದಾರಂತೆ.

ಅತ್ತಿಗೆ


ಜನವರಿ 5

ಅತ್ತಿಗೆ,

ನಿಮ್ಮ ಕಾಗದವನ್ನು ಕ್ಯಾಂಟೀನಿನಲ್ಲಿ ಓದಿ, ಮತ್ತೆ ಮಿಕ್ಸಿಂಗ್ ರೂಮಿನಲ್ಲಿ ನಿಂತು ಓದಿದೆ. ಬಿಸಿ ಬಟ್ಟೆ ಸುತ್ತಿದ ಕಡೆ ಮಾತ್ರ ಗಟ್ಟಿಯಾಯಿತು ಎಂದಿದ್ದೀರಿ. ನಾನೊಬ್ಬ ಪೆದ್ದ. ಚಳಿಗಾಲದಲ್ಲಿ ಎಣ್ಣೆ ಹೆಚ್ಚಿರುವ ನೆಲ ಹಾಸಿದರೆ ನಾವೇ ಹೀಟರ್ ಇಟ್ಟು ಕಾಯಿಸುತ್ತೇವೆ. ಕಂಪನಿಯ ಎಪಾಕ್ಸಿ ತನ್ನ ಕಾವಿಗೆ ತಾನೇ ಗಟ್ಟಿಯಾಗುತ್ತದೆ. ಗಿಡದ ಎಣ್ಣೆಯದು ಸೋಮಾರಿ, ಬಟ್ಟಲಿನಲ್ಲಿ ಬೇಗ ಬಿಗಿಯುವುದಿಲ್ಲ, ಅದಕ್ಕೆ ಹೊರಗಿನ ಕಾವು ಬೇಕು, ಟೈಮ್ ಬೇಕು. ದಿನಾ ಮಾಡುವ ಕೆಲಸ, ಅಣ್ಣನ ಪಾದದ ವಿಷಯದಲ್ಲಿ ಮಾತ್ರ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಅಂದರೆ, ಅದು ಕೆಟ್ಟಿದೆ ಎಂದು ನಾನು ಮೊದಲೇ ತೀರ್ಮಾನ ಮಾಡಿದ್ದೆ.

ಇದನ್ನು ಹೇಳದೆ ಮುಚ್ಚಿಟ್ಟಿದ್ದೆ, ನಿಮಗೆ ನೋವಾಗುತ್ತದೆ ಎಂದು. ಆ ಮಧ್ಯಾಹ್ನ ಅಣ್ಣ ನನಗೆ ಫೋನ್ ಮಾಡಿದ್ದ. "ಈ ಸಲ ಎಣ್ಣೆ ಜಾಸ್ತಿ ಹಾಕಿದೀನಿ ಕಣೋ. ಅವಳ ಕೈಗೆ ಒಗ್ಗೋ ಹಾಗೆ ಮಾಡಿದೀನಿ" ಅಂದ. "ಕೈಗಾ? ಅಣ್ಣಾ, ನೀನು ಮಾಡ್ತಿರೋದು ಕಾಲು" ಅಂದೆ. ತುಂಬಾ ಹೊತ್ತು ನಕ್ಕ. "ನೀನು ಸುಮ್ನಿರೋ ದಡ್ಡ" ಅಂತ ಇಟ್ಟುಬಿಟ್ಟ. ಮಾರನೆಯ ದಿನ ಆಸ್ಪತ್ರೆಯಿಂದ ಸುದ್ದಿ ಬಂತು. ಕಾಲಿಗೂ ಕೈಗೂ ವ್ಯತ್ಯಾಸ ತಿಳಿಯದಷ್ಟು ಜ್ವರ ಏರಿತ್ತು ಎಂದು ಆಗಲೇ ಅಂದುಕೊಂಡೆ. ಅದಕ್ಕೂ ಮೊದಲು ಎಣ್ಣೆ ಎಪಾಕ್ಸಿಯ ಎರಡನೇ ಡಬ್ಬಿ ತರಿಸಿಕೊಂಡಿದ್ದ. ಮೊದಲನೆಯದು ಬಂದದ್ದನ್ನೇ ಮರೆತನೇನೋ ಅಂದುಕೊಂಡಿದ್ದೆ. ಆ ಪಾದದ ಮುಂದೆ ಕೂತು ನಿಮಗೂ ಅದೇ ತಿಳಿದುಬಿಡುತ್ತದೆ ಎಂದು ಎಸೆಯಿರಿ ಅಂದೆ, ಇಲ್ಲಿಗೆ ಬನ್ನಿ ಅಂದೆ.

ಈಗ ಅನುಮಾನ ಬರುತ್ತಿದೆ. ಎರಡು ಡಬ್ಬಿ ಕೂಡಿಸಿ ನೋಡಿದರೆ ಅಣ್ಣ ಸುಮಾರು ಅರ್ಧಕ್ಕರ್ಧ ಹಾಕಿರಬೇಕು. ಅಷ್ಟು ಎಣ್ಣೆ ಹಾಕಿದವನಿಗೆ ಕಾವು ಬೇಕು ಅನ್ನುವುದು ಗೊತ್ತಿರಲೇಬೇಕು. ಹಾಸಿದ ಮೇಲೆ ಪಾದವನ್ನು ಎಲ್ಲಿಟ್ಟಿದ್ದ? ಬೆಚ್ಚಗಿರುವ ಜಾಗ ಏನಾದರೂ ಇದೆಯಾ? ಇದ್ದರೆ ಅಲ್ಲೇ ವಾಪಸ್ ಇಡಿ.

ಆದರೆ ಕೈ ಅಂದದ್ದು ಯಾಕೆ ಎಂದು ನನಗೆ ಈಗಲೂ ತಿಳಿಯುತ್ತಿಲ್ಲ. ಟಪಾಲಕ್ಕನ ಕೈಗೇನಾದರೂ ಆಗಿದೆಯಾ? ಯಾರ ಕೈ ಅತ್ತಿಗೆ?

ಚಿಕ್ಕ


ಜನವರಿ 18

ಚಿಕ್ಕನಿಗೆ,

ನಿನ್ನ ಕಾಗದ ಓದಿ ಬಟ್ಟೆ ಬೀರುವಿನ ಮುಂದೆ ಹೋಗಿ ನೆಲದ ಮೇಲೆ ಕೂತೆ. ಬಾಗಿಲು ತೆಗೆದು ಒಳಗೆ ಕೈಯಿಟ್ಟೆ. ಸ್ನಾನದ ಮನೆಗೆ ಹೋಗುವ ಬಿಸಿನೀರಿನ ಪೈಪು ಆ ಗೋಡೆಯಲ್ಲೇ ಇದೆ, ಬೀರುವಿನ ಬೆನ್ನಿಗೆ ತಾಗಿಕೊಂಡು. ಮಳೆ ಚಳಿ ಏನೇ ಇರಲಿ ನಮ್ಮ ದಿಂಬಿನ ಚೀಲಗಳು ಬೆಚ್ಚಗಿರುತ್ತವೆ. ದಿನಾ ಮಡಚಿಡುವವಳು ನಾನು, ಒಂದು ದಿನವೂ ಅದರ ಬಗ್ಗೆ ಯೋಚಿಸಿರಲಿಲ್ಲ. ಅವರು ಯೋಚಿಸಿದ್ದರು. ಪಾದ ಇದ್ದದ್ದು ಅಲ್ಲೇ ಚಿಕ್ಕ, ಟವೆಲ್ ಹೊದ್ದುಕೊಂಡು. ತಲೆ ಕೆಟ್ಟು ಅಲ್ಲಿಟ್ಟಿದ್ದಾರೆ ಎಂದು ನಾಚಿಕೆಯಾಗಿ, ಎರಡೇ ದಿನಕ್ಕೆ ನಾನೇ ಎತ್ತಿ ಚಳಿಗೆ ಹಾಕಿದ್ದೆ. ನಿನಗೂ ಹೇಳಿರಲಿಲ್ಲ.

ಕೈ ನನ್ನದು.

ನಾನು ನಿನ್ನಿಂದ ಮುಚ್ಚಿಟ್ಟ ಮಾತು ಇದು: ನಿನ್ನ ಕೈ ನಿಧಾನ ಅಂತ ಬೈದೆ, ತಪ್ಪು ನಿನ್ನ ಕೈದಲ್ಲ, ನನ್ನ ಅಂಟಿಂದು ಅಂದರು. ನಿನಗೆ ಫೋನ್ ಮಾಡಿದ ದಿನವೇ, ಸಂಜೆ. ನಿನ್ನ ಹತ್ತಿರ ಅರ್ಧ ಇತ್ತು, ನನ್ನ ಹತ್ತಿರ ಅರ್ಧ ಇತ್ತು. ಇಬ್ಬರೂ ಜೋಪಾನವಾಗಿ ಬಚ್ಚಿಟ್ಟುಕೊಂಡು, ಅವರಿಗೆ ತಲೆ ಸರಿಯಿಲ್ಲ ಅಂತ ತೀರ್ಮಾನ ಮಾಡಿದೆವು. ಬೀಗ ಹಾಕಿ ಬನ್ನಿ ಎಂದು ನೀನು ಬರೆದಾಗ ನಿನ್ನ ಬಗ್ಗೆಯೂ ಏನೇನೋ ಅಂದುಕೊಂಡೆ. ಅದನ್ನು ಕೇಳಬೇಡ.

ಪಾದವನ್ನು ದಿಂಬಿನ ಚೀಲಗಳ ನಡುವೆ ಮತ್ತೆ ಮಲಗಿಸಿದೆ. ಬಟ್ಟೆಗೆಲ್ಲ ವಾಸನೆ ಹಿಡಿಯಿತು, ಹಿಡಿಯಲಿ. ನಾಲ್ಕೈದು ದಿನ ಬೀರು ತೆಗೆಯಲಿಲ್ಲ. ತೆಗೆದು ಬಡಿದಾಗ ಹಳೆಯವುಗಳ ಹಾಗೆ ಟಣ್ ಅನ್ನಲಿಲ್ಲ. ಬಾಗಿಲು ತಟ್ಟಿದ ಹಾಗೆ ದಪ್ಪನೆಯ ಸದ್ದು ಬಂತು. ಗಟ್ಟಿಯಾಗಿದೆ. ಆದರೆ ನಾನು ಇಷ್ಟು ದಿನ ಒತ್ತಿ ನೋಡಿದ ಹೆಬ್ಬೆಟ್ಟಿನ ಗುರುತುಗಳು ಹಿಮ್ಮಡಿಯಲ್ಲಿ ಹಾಗೆಯೇ ಉಳಿದುಬಿಟ್ಟಿವೆ.

ಟಪಾಲಕ್ಕ ತಿರುಗಿಸಿ ನೋಡಿದಳು. "ಇದೇನಮ್ಮಾ, ಜಮೀನು ಪತ್ರ ರಿಜಿಸ್ಟರ್ ಮಾಡೋರ ಹಾಗೆ ಹಿಮ್ಮಡಿ ತುಂಬಾ ಹೆಬ್ಬೆಟ್ಟು ಒತ್ತಿದೀರ?"

"ಕೊಡು, ಉಜ್ಜಿ ತೆಗೀತೀನಿ."

"ಬೇಡ ಬೇಡ. ಕಾಲು ಕಳುವಾದ್ರೆ ಗುರುತಿಗಾಗ್ತದೆ" ಎಂದು ಅಲ್ಲೇ ಹಾಕಿಕೊಂಡು ಬೀದಿಯ ತುದಿಯವರೆಗೆ ನಡೆದಳು. ಅಲ್ಲಿ ತಿರುಗಿ, ನನಗೆ ತೋರಿಸಲೆಂದೇ, ಹೆಬ್ಬೆರಳ ಮೇಲೆ ಭಾರ ಹಾಕಿ ಒಂದು ಸಲ ಪುಟಿದಳು. ಪಾದ ಬಗ್ಗಿತು, ಮರಳಿತು. ಇನ್ನು ಅವಳನ್ನು ಒಳಗೆ ಕೂರಿಸುವವರು ಯಾರಿದ್ದಾರೋ ನೋಡೋಣ.

ಎಲ್ಲ ತಿಳಿಯಿತು ಎಂದು ಹೇಳಲಾರೆ. ಟಿಕೆಟ್ ಕೇಳಿದ್ದೂ ಅದೇ ತಲೆ, ಗೋಡೆಯೊಳಗಿನ ಪೈಪು ನೆನಪಿಟ್ಟುಕೊಂಡದ್ದೂ ಅದೇ ತಲೆ. ಎಲ್ಲಿಯವರೆಗೆ ಅವರು, ಎಲ್ಲಿಂದ ಜ್ವರ, ಗೆರೆ ಎಳೆಯಲು ಹೋದರೆ ಕೈ ತಡವರಿಸುತ್ತದೆ. ಆ ಸಂಜೆ ನಾನು ಏನಾದರೂ ಉತ್ತರ ಕೊಡಬಹುದಿತ್ತು. ನೀರು ತರಲು ಎದ್ದು ಹೋದೆ.

ನಿನ್ನೆ ನಾನೇ ಕಲಸಿದೆ. ಅರ್ಧ ಕಂಪನಿಯದು, ಅರ್ಧ ನಿನ್ನ ಎಣ್ಣೆಯದು. ಹಾರ್ಡನರನ್ನು ಉಸಿರು ಬಿಗಿಹಿಡಿದು ತೂಗಿದೆ, ಅವರ ಹಾಗೆಯೇ. ಅವರ ಹಳೆಯ ಅಚ್ಚೊಂದರ ಮೇಲೆ ಮೊದಲ ಪದರ ಹಾಸಿದೆ. ಸುಕ್ಕು ಬಿತ್ತು, ಎತ್ತಿ ಮತ್ತೆ ಹಾಸಿದೆ. ಎರಡನೆಯದಕ್ಕೂ ಹಾಗೆಯೇ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹಳೆಯ ಅಭ್ಯಾಸ, ಅಂಟು ಕಲ್ಲಾಗುತ್ತದೆ ಎಂದು ಕೈ ಬಟ್ಟಲಿಗೇ ಹೋಯಿತು. ಆದರೂ ಹೋದೆ. ಟಪಾಲಕ್ಕ ಕರೆಂಟ್ ಬಿಲ್ ತಂದಿದ್ದಳು. ಒಳಗೆ ಕರೆದು ನೀರು ಕೊಟ್ಟೆ, ಅವಳು ಕೂತು ಎರಡು ಬೀದಿಯ ಸುದ್ದಿ ಹೇಳಿ ಹೋದಳು.

ಮರಳಿ ಬಂದು ಬಟ್ಟಲನ್ನು ಓರೆ ಮಾಡಿದೆ. ಅಂಟು ಇನ್ನೂ ಹರಿಯುತ್ತಿತ್ತು.

ಅತ್ತಿಗೆ